ಕೈ ಮುರಿದರೆ ಎಕ್ಸ್‌ರೇ ಉಂಟು, ನೆನಪು ಮುರಿದರೆ?

ನೀಲಗಿರಿ ಗಡಿಯ ಜನ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ತಿಳಿದಿರಬೇಕಾದ ಒಂದು ಪರೀಕ್ಷೆ

ಗೂಡಲೂರು ಘಾಟಿಯಲ್ಲೋ, ಮಸಿನಗುಡಿ ಮೇಲಿನ ಕಲ್ಲಟ್ಟಿಯ 36 ತಿರುವುಗಳಲ್ಲೋ ಗಾಡಿ ಉರುಳಿತು ಎಂಬ ಸುದ್ದಿ ಈ ಕಡೆಯವರಿಗೆ ಹೊಸದಲ್ಲ. ಕ್ಯಾರೆಟ್, ಬೀಟ್‌ರೂಟ್ ಹೇರಿಕೊಂಡು ಮೆಟ್ಟುಪಾಳಯಂ ಮಂಡಿಗೆ ಹೊರಟವನು ಆಸ್ಪತ್ರೆ ಸೇರುತ್ತಾನೆ. ಕೈಕಾಲಿನ ಮೂಳೆ ಕೂಡಿಕೊಳ್ಳುತ್ತದೆ, ತಲೆಯ ಹೊಲಿಗೆ ಮಾಯುತ್ತದೆ. ಎರಡು ತಿಂಗಳಿಗೆ ಎದ್ದು ಓಡಾಡುತ್ತಾನೆ. ನೋಡಲು ಬಂದ ನೆಂಟರು ‘ದೇವರು ದೊಡ್ಡವನು, ಜೀವ ಒಂದು ಉಳಿಯಿತಲ್ಲ’ ಎಂದು ಕಾಫಿ ಕುಡಿದು ಹೋಗುತ್ತಾರೆ.

ಆದರೆ ಮನೆಯಾಕೆಗೆ ಮಾತ್ರ ಗೊತ್ತು, ‘ಇವರು ಮೊದಲಿನ ಹಾಗಿಲ್ಲ’ ಎಂದು. ಅಂಗಡಿಯಲ್ಲಿ ಕೂತರೆ ಒಬ್ಬನಿಗೇ ಎರಡು ಸಲ ಚಿಲ್ಲರೆ ಕೊಡುತ್ತಾನೆ. ಬೆಳಿಗ್ಗೆ ಕೊಟ್ಟ ಸಾಲ ಸಂಜೆಗೆ ನೆನಪಿಲ್ಲ. ತೋಟಕ್ಕೆ ಔಷಧಿ ಹೊಡೆಸಬೇಕೆಂದು ಹೊರಟವನು ಅರ್ಧ ದಾರಿಯಲ್ಲಿ ನಿಂತು ಯಾಕೆ ಬಂದೆ ಅಂತ ಯೋಚಿಸುತ್ತಾನೆ. ಮಾತಿಗೆ ಮುಂಚೆ ಸಿಟ್ಟು. ಊರಲ್ಲಿ ಕೆಲವರು ‘ಗಾಳಿ ಸೋಕಿದೆ’ ಎನ್ನುತ್ತಾರೆ, ಇನ್ನು ಕೆಲವರು ‘ಪರಿಹಾರದ ದುಡ್ಡಿಗಾಗಿ ನಾಟಕ’ ಎನ್ನುತ್ತಾರೆ. ಕೇಸು ಕೋರ್ಟಿಗೆ ಬಂದಾಗ ವಿಮಾ ಕಂಪನಿಯ ವಕೀಲರು ಕೇಳುವುದು ಒಂದೇ ಪ್ರಶ್ನೆ: ‘ಆಳು ಗಟ್ಟಿಮುಟ್ಟಾಗಿಯೇ ಇದ್ದಾನಲ್ಲ ಸ್ವಾಮಿ, ಇವನಿಗೇನಾಗಿದೆ?’

ಇದು ಯಾರೋ ಒಬ್ಬರ ಕಥೆಯಲ್ಲ. ತಲೆಗೆ ಜೋರು ಪೆಟ್ಟು ಬಿದ್ದವರ ಮನೆಮನೆಯಲ್ಲೂ ಹೆಚ್ಚುಕಡಿಮೆ ಇದೇ ಪಾಡು. ಮುರಿದ ಕೈಯನ್ನು ಎಕ್ಸ್‌ರೇಯಲ್ಲಿ ತೋರಿಸಬಹುದು. ಮುರಿದ ನೆನಪನ್ನು ನ್ಯಾಯಾಧೀಶರಿಗೆ ತೋರಿಸುವುದು ಹೇಗೆ? ಅದಕ್ಕೂ ಒಂದು ದಾರಿ ಉಂಟು. ಅದರ ಹೆಸರು ನರ-ಮನೋವೈಜ್ಞಾನಿಕ ಪರೀಕ್ಷೆ. ಆಸ್ಪತ್ರೆಯವರ ಬಾಯಲ್ಲಿ ನ್ಯೂರೋಸೈಕಾಲಜಿ ಟೆಸ್ಟು. ಇದನ್ನು ಕೇಳಿ ಪಡೆಯದೆ ಕೇಸು ಮುಗಿಸಿಕೊಂಡವರು ತಮ್ಮ ನಷ್ಟದ ದೊಡ್ಡ ಪಾಲನ್ನು ರಸ್ತೆಯಲ್ಲೇ ಬಿಟ್ಟು ಬಂದ ಹಾಗೆ.

ಮಿದುಳಿನ ಲೆಕ್ಕ ಹಾಕುವುದು ಹೀಗೆ

ಸಿ.ಟಿ. ಸ್ಕ್ಯಾನ್ ಮಿದುಳಿನ ಚಿತ್ರ ತೋರಿಸುತ್ತದೆ, ಅದರ ಕೆಲಸ ತೋರಿಸುವುದಿಲ್ಲ. ಪಂಪ್‌ಸೆಟ್ಟಿನ ಫೋಟೊ ನೋಡಿ ಅದು ಎಷ್ಟು ನೀರು ಎತ್ತುತ್ತದೆಂದು ಹೇಳಲಾಗದು, ಓಡಿಸಿಯೇ ನೋಡಬೇಕು. ಈ ಪರೀಕ್ಷೆಯೂ ಹಾಗೆಯೇ. ಕ್ಲಿನಿಕಲ್ ಸೈಕಾಲಜಿಸ್ಟ್ ರೋಗಿಯ ಎದುರು ಕೆಲವು ಗಂಟೆ ಕೂತು, ಕೆಲವೊಮ್ಮೆ ಎರಡು ದಿನಕ್ಕೆ ಹಂಚಿ, ಒಂದೊಂದೇ ಕೆಲಸ ಕೊಟ್ಟು ಅಳೆಯುತ್ತಾರೆ.

ನೆನಪಿನ ಒಂದು ಪರೀಕ್ಷೆಯಲ್ಲಿ 15 ಪದಗಳನ್ನು ಓದಿ ಹೇಳುತ್ತಾರೆ. ನೆನಪಿದ್ದಷ್ಟನ್ನು ಒಪ್ಪಿಸಬೇಕು. ಹೀಗೆ ಅದೇ ಪಟ್ಟಿ ಐದು ಸಲ. ಆರೋಗ್ಯವಂತನಿಗೆ ಸಲದಿಂದ ಸಲಕ್ಕೆ ಪದ ಏರುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತು ಬೇರೆ ಕೆಲಸ ಕೊಟ್ಟು ಮತ್ತೆ ಕೇಳುತ್ತಾರೆ. ಹೊಸದನ್ನು ಹಿಡಿದಿಟ್ಟುಕೊಳ್ಳಲಾರದವನ ಪಟ್ಟಿ ಅಷ್ಟರಲ್ಲಿ ಖಾಲಿ. ಮಣಿಗಳನ್ನು ಕಂಬದಿಂದ ಕಂಬಕ್ಕೆ ಇಂತಿಷ್ಟೇ ಚಲನೆಯಲ್ಲಿ ದಾಟಿಸು ಎಂಬುದು ಯೋಜನಾಶಕ್ತಿಯ ಪರೀಕ್ಷೆ. ಬೆರಳು ಬಡಿಯುವ ವೇಗ, ಅಂಕಿಗಳ ಸಾಲಿನಲ್ಲಿ ಬೇಕಾದ್ದನ್ನು ಮಾತ್ರ ಗೀಟು ಹಾಕುವ ಏಕಾಗ್ರತೆ, ಚಿತ್ರ ನೋಡಿ ಬರೆಯುವುದು, ಹೀಗೆ ಹತ್ತಾರು.

ಬೆಂಗಳೂರಿನ ನಿಮ್ಹಾನ್ಸ್ ಈ ವಿಷಯದಲ್ಲಿ ನಮ್ಮ ಕಡೆಯ ದೊಡ್ಡ ಮನೆ. ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ಹುಟ್ಟಿದ ಸಂಸ್ಥೆ ಅದು. ಅಲ್ಲಿಯ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪರೀಕ್ಷಾ ಸರಣಿಯಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಓದು ಬಾರದವರೋ, ಶಾಲೆ ಓದಿದವರೋ, ಕಾಲೇಜು ಓದಿದವರೋ ನೋಡಿ ಅದಕ್ಕೆ ತಕ್ಕ ಅಳತೆಗೋಲು. ಶಾಲೆಯ ಮೆಟ್ಟಿಲು ಹತ್ತದ ರೈತನನ್ನು ಪದವೀಧರನ ಪಕ್ಕ ನಿಲ್ಲಿಸಿ ‘ಬುದ್ಧಿ ಕಡಿಮೆ’ ಎನ್ನುವ ಹಾಗಿಲ್ಲ.

ನಟನೆ ಮಾಡಿದರೆ?

ವಿಮಾ ಕಂಪನಿಯವರ ಅನುಮಾನವೂ ಪೂರಾ ಸುಳ್ಳಲ್ಲ. ಬೇಕೆಂದೇ ತಪ್ಪು ಹೇಳಿದರೆ? ಅದನ್ನು ಹಿಡಿಯುವ ಪರೀಕ್ಷೆಯೂ ಇದೆ. 50 ಚಿತ್ರ ತೋರಿಸುತ್ತಾರೆ. ಆಮೇಲೆ ಎರಡೆರಡು ಚಿತ್ರ ಮುಂದಿಟ್ಟು ‘ಇದರಲ್ಲಿ ಮೊದಲು ನೋಡಿದ್ದು ಯಾವುದು?’ ಎನ್ನುತ್ತಾರೆ. ಏನೂ ನೆನಪಿಲ್ಲದವನು ಕಣ್ಣು ಮುಚ್ಚಿ ಬೆರಳಿಟ್ಟರೂ ಸುಮಾರು 25 ಸರಿಯಾಗಲೇಬೇಕು. ಅದಕ್ಕಿಂತ ತೀರಾ ಕೆಳಗೆ ಬಂದರೆ ಏನರ್ಥ? ಸರಿಯಾದದ್ದು ಗೊತ್ತಿದ್ದೂ ತಪ್ಪಿನ ಮೇಲೆ ಕೈಯಿಟ್ಟಿದ್ದಾನೆ ಎಂದೇ. ಆದ್ದರಿಂದ ‘ಸ್ವಲ್ಪ ಜಾಸ್ತಿಯೇ ಹೇಳಿಬಿಡು’ ಎಂದು ಬುದ್ಧಿ ಹೇಳುವ ದಲ್ಲಾಳಿಗಳ ಮಾತು ಕೇಳಬೇಡಿ. ಇದ್ದ ನಷ್ಟವನ್ನೂ ಕೋರ್ಟು ನಂಬದ ಹಾಗಾಗುತ್ತದೆ. ನಿಜವಾಗಿ ನೊಂದವನಿಗಾದರೆ ಇದೇ ಪರೀಕ್ಷೆ ‘ನಾಟಕ’ ಎಂಬ ಆಪಾದನೆಗೆ ಉತ್ತರ.

ಶೇಕಡಾ ಎಷ್ಟು ಎಂಬುದಲ್ಲ, ಕೆಲಸ ಏನು ಎಂಬುದು

ಪರಿಹಾರದ ಲೆಕ್ಕದಲ್ಲಿ ನಮ್ಮ ಜನ ಎಡವುವುದು ಇಲ್ಲೇ. ‘ಡಾಕ್ಟರು ಶೇಕಡಾ 40 ಅಂತ ಬರೆದುಕೊಟ್ಟಿದ್ದಾರೆ’ ಎಂದು ಸರ್ಟಿಫಿಕೇಟು ಹಿಡಿದು ಹೋಗುತ್ತಾರೆ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಅಕ್ಟೋಬರ್‌ನಲ್ಲಿ ಈ ಗೊಂದಲ ಬಿಡಿಸಿ ಹೇಳಿತು. ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಆ ಪೀಠದಲ್ಲಿದ್ದರು. ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂಬುದು ತೀರ್ಪಿನ ತಿರುಳು. ಎಡಗೈ ಕಳೆದುಕೊಂಡವನು ಡ್ರೈವರನೋ ಬಡಗಿಯೋ ಆಗಿದ್ದರೆ ಅವನ ದುಡಿಮೆಯೇ ಹೋಯಿತು. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಚಿಕಿತ್ಸೆ ಕೊಡದ ವೈದ್ಯರು ಸಿದ್ಧಪಡಿಸಿಕೊಡುವ ಸರ್ಟಿಫಿಕೇಟುಗಳನ್ನು ಎಚ್ಚರದಿಂದ ನೋಡಬೇಕು, ಬರೆದ ವೈದ್ಯರು ಸಾಕ್ಷಿ ನುಡಿಯಬೇಕು ಎಂದೂ ಕೋರ್ಟು ಹೇಳಿತು.

ಇದೇ ಮಾತನ್ನು ತಲೆಪೆಟ್ಟಿಗೆ ಹೊಂದಿಸಿ ನೋಡಿ. ಹೇಳಿದ ಗುಂಡಿ ಅಗೆಯುವ ಆಳಿಗೆ ಲೆಕ್ಕದ ನೆನಪು ಸ್ವಲ್ಪ ಮಸುಕಾದರೂ ಹೇಗೋ ನಡೆದೀತು. ಇಪ್ಪತ್ತು ಜನ ಬೆಳೆಗಾರರಿಂದ ಸಾಲದ ಮೇಲೆ ಕೊತ್ತಂಬರಿ, ಬೆಳ್ಳುಳ್ಳಿ ಎತ್ತಿ ಮಂಡಿಗೆ ಹಾಕುವ ವ್ಯಾಪಾರಿಗೆ ನೆನಪೇ ಬಂಡವಾಳ. ಅದು ಹೋದರೆ ಕೈಕಾಲು ಗಟ್ಟಿ ಇದ್ದೇನು ಫಲ? ಈ ವ್ಯತ್ಯಾಸವನ್ನು ಕೋರ್ಟಿಗೆ ಕಾಗದದ ಮೇಲೆ ತೋರಿಸಿಕೊಡುವುದೇ ಪರೀಕ್ಷೆಯ ವರದಿ.

ಇನ್ನೊಂದು ತೀರ್ಪು. 2007ರ ಅಕ್ಟೋಬರ್‌ನಲ್ಲಿ ಉತ್ತರ ಭಾರತದಲ್ಲಿ ತಂದೆತಾಯಿಯ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಹುಡುಗಿಯ ಮೇಲೆ ಲಾರಿ ಬಂತು. ಮಿದುಳಿಗೆ ಪೆಟ್ಟು. ಚಂಡೀಗಢದ ಪಿಜಿಐ ಆಸ್ಪತ್ರೆಯವರು ಪರೀಕ್ಷಿಸಿದರು. ಬುದ್ಧಿಮಟ್ಟ ಅವಳ ವಯಸ್ಸಿನ ಮಕ್ಕಳ ಶೇಕಡಾ 20ಕ್ಕಿಂತ ಕಡಿಮೆ, ನಡೆವಳಿಕೆ 9 ತಿಂಗಳ ಕೂಸಿನಷ್ಟು ಎಂಬುದು ವೈದ್ಯರ ಸಾಕ್ಷ್ಯ. ನ್ಯಾಯಮಂಡಳಿ ಕೊಟ್ಟದ್ದು ಸುಮಾರು 11 ಲಕ್ಷ, ಹೈಕೋರ್ಟು ಸುಮಾರು 25 ಲಕ್ಷಕ್ಕೆ ಏರಿಸಿತು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು 62 ಲಕ್ಷಕ್ಕೂ ಮೇಲೆ ತಂದಿತು. ಆ ಎರಡು ಅಳತೆಗಳು ಕಾಗದದಲ್ಲಿ ಇಲ್ಲದಿದ್ದರೆ ಹುಡುಗಿಯ ಬಾಳಿನ ಲೆಕ್ಕ ಹಾಕುವುದಾದರೂ ಹೇಗಿತ್ತು?

ನಮ್ಮ ಮಾತು ಯಾವುದು?

ಈಗ ಗಡಿಯ ಪ್ರಶ್ನೆಗೆ ಬರೋಣ. ನೀಲಗಿರಿಯಲ್ಲಿ ಕೋರ್ಟಿನ ಭಾಷೆ ತಮಿಳು, ಮೇಲಿನ ಕಾಗದಪತ್ರ ಇಂಗ್ಲಿಷು. ಮನೆಯಲ್ಲಿ ಮಾತಾಡುವುದು ಕನ್ನಡ, ಬಡಗ, ಮಲಯಾಳ, ಇಲ್ಲವೇ ಕುರುಂಬ, ಪಣಿಯ, ಇರುಳ, ತೋಡ, ಕೋತ ಮಾತುಗಳು. ಅಂಗಡಿಯಲ್ಲಿ ತಮಿಳು, ಅಡುಗೆ ಮನೆಯಲ್ಲಿ ಕನ್ನಡ ಎಂಬ ಎರಡು ನಾಲಿಗೆಯ ಬದುಕು ನಮ್ಮ ಓದುಗರಿಗೆ ಹೊಸದೇನಲ್ಲ.

ತಲೆಗೆ ಪೆಟ್ಟು ಬಿದ್ದಾಗಲೋ ಲಕ್ವ ಹೊಡೆದಾಗಲೋ ಎರಡು ಭಾಷೆಯೂ ಒಂದೇ ಸಮ ಮರಳಿ ಬರಬೇಕೆಂದೇನೂ ಇಲ್ಲ. ಕೆಲವರಿಗೆ ತಾಯಿಮಾತು ಬೇಗ ಬರುತ್ತದೆ, ಕೆಲವರಿಗೆ ವ್ಯಾಪಾರದ ಮಾತು. ಒಂದೇ ಭಾಷೆಯಲ್ಲಿ ಪರೀಕ್ಷಿಸಿ ‘ಪರವಾಗಿಲ್ಲ’ ಎಂದರೂ ತಪ್ಪಾದೀತು, ‘ಏನೂ ಉಳಿದಿಲ್ಲ’ ಎಂದರೂ ತಪ್ಪಾದೀತು.

ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದರೆ ಸಾಲದೆ? ಸಾಕ್ಷಿ ವಿಚಾರಣೆಗೆ ಸಾಕು, ಪರೀಕ್ಷೆಗೆ ಸಾಲದು. 15 ಪದದ ಪಟ್ಟಿಯನ್ನು ಅಲ್ಲೇ ತರ್ಜುಮೆ ಮಾಡಿದರೆ ಸುಲಭ ಪದ ಕಷ್ಟವಾಗುತ್ತದೆ, ಗಿಡ್ಡ ಪದ ಉದ್ದವಾಗುತ್ತದೆ. ನೆಂಟನೇ ದುಭಾಷಿಯಾದರೆ ಗೊತ್ತಿಲ್ಲದೆ ಸುಳಿವೂ ಕೊಟ್ಟುಬಿಡುತ್ತಾನೆ. ಗಾದೆಯ ಅರ್ಥ ಕೇಳುವುದು ಮನೋವೈದ್ಯರ ಹಳೆಯ ಪದ್ಧತಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದರೆ ನಮ್ಮವರು ಥಟ್ಟನೆ ಅರ್ಥ ಹೇಳುತ್ತಾರೆ. ಕೇಳಿಯೇ ಇರದ ಬೇರೆ ಸೀಮೆಯ ಗಾದೆ ಮುಂದಿಟ್ಟರೆ ಬಾಯಿ ಬಿಡುತ್ತಾರೆ. ಆಗ ವರದಿಯಲ್ಲಿ ಬೀಳುವುದು ‘ಆಲೋಚನಾಶಕ್ತಿ ಕುಂದಿದೆ’ ಎಂಬ ಸಾಲು. ತಾರೀಖು ಹೇಳಲಾರದ ಮುದುಕನಿಗೆ ಸಂತೆಯ ದಿನ ಮಾತ್ರ ಸರಿಯಾಗಿ ಗೊತ್ತಿರುತ್ತದೆ.

ಇದನ್ನು ಮೊದಲು ಕಂಡುಕೊಂಡವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿಪರೀಕ್ಷೆಯನ್ನು 1934ರಲ್ಲೇ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದವರು ವಿ.ವಿ. ಕಾಮತ್. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ಇಂದಿಗೂ ಚಾಲ್ತಿಯಲ್ಲಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು. ಮಿದುಳಿನ ಪೆಟ್ಟಿನಿಂದ ಮಾತು ಹೋದವರನ್ನು ಕನ್ನಡದಲ್ಲೇ ಪರೀಕ್ಷಿಸುವ ಅನುಕೂಲ ಅಲ್ಲಿದೆ.

ಬಡಗ ಮಾತಿನವರು ಇನ್ನೊಂದು ಎಚ್ಚರ ವಹಿಸಬೇಕು. ಜನಗಣತಿಯಲ್ಲಿ ಬಡಗವನ್ನು ಕನ್ನಡದ ಅಡಿಯಲ್ಲೇ ಎಣಿಸುತ್ತಾರೆ. 2011ರಲ್ಲಿ ಆ ಲೆಕ್ಕ ಸುಮಾರು 1.33 ಲಕ್ಷ. ಎಣಿಕೆಗೆ ಅದು ಸರಿ ಇರಬಹುದು, ಪರೀಕ್ಷೆಗೆ ಅಲ್ಲ. ಬೆಂಗಳೂರಿನ ಕನ್ನಡದ ಪದಪಟ್ಟಿ ಬಡಗರ ಹಟ್ಟಿಯ ಅಜ್ಜಿಗೆ ಅರ್ಧ ಹೊಸದು. ಕುರುಂಬ, ಪಣಿಯರ ಪಾಡಂತೂ ಇನ್ನೂ ಕಷ್ಟ. ಅಂಥವರಿಗೆ ಮಾತಿಗಿಂತ ಚಿತ್ರ, ಮಣಿ, ಕೈಕೆಲಸದ ಪರೀಕ್ಷೆಗಳೇ ವಾಸಿ. ಯಾವ ಭಾಷೆಯಲ್ಲಿ ಪರೀಕ್ಷೆ ನಡೆಯಿತು, ರೋಗಿಗೆ ಅದು ಎಷ್ಟು ಬರುತ್ತದೆ ಎಂಬುದನ್ನು ವರದಿಯಲ್ಲಿ ಬರೆಯಿರಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಆ ಒಂದು ಸಾಲು ಇಲ್ಲದ ವರದಿ ಅರ್ಧ ವರದಿ.

ಅಪರಾಧದ ಕೇಸಿನಲ್ಲಿ ಎರಡು ಪ್ರಶ್ನೆ

ಮನಸ್ಸಿನ ಪರೀಕ್ಷೆ ಕ್ರಿಮಿನಲ್ ಕೇಸಿಗೂ ಬೇಕಾಗುತ್ತದೆ. ಭಾರತ ದಂಡ ಸಂಹಿತೆಯ ಕರಡಿಗೆ ಕಾರಣಕರ್ತನಾದ ಮೆಕಾಲೆ 1834ರಲ್ಲಿ ಗವರ್ನರ್ ಜನರಲ್ ಬೆಂಟಿಂಕನನ್ನು ಕಾಣಲು ಬಂದು ಕೆಲವು ತಿಂಗಳು ಊಟಿಯಲ್ಲೇ ತಂಗಿದ್ದ. 1860ರಲ್ಲಿ ಬಂದ ಆ ಸಂಹಿತೆಯ 84ನೇ ಕಲಮು, 1843ರಲ್ಲಿ ಇಂಗ್ಲೆಂಡಿನ ಮ್ಯಾಕ್‌ನಾಟನ್ ಪ್ರಕರಣದಿಂದ ಹುಟ್ಟಿದ ನಿಯಮದ ನೆರಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 22ನೇ ಕಲಮಾಗಿದೆ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಬೇಕು. ಮೊದಲನೆಯದು ‘ಅಂದು’: ಕೃತ್ಯ ನಡೆದ ಗಳಿಗೆಯಲ್ಲಿ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಎಂಬುದು ತಿಳಿಯದಷ್ಟು ಬುದ್ಧಿ ಕೆಟ್ಟಿತ್ತೇ? ಹಿಂದೆ ಮಾನಸಿಕ ರೋಗಕ್ಕೆ ಮಾತ್ರೆ ತಗೊಂಡಿದ್ದ ಎಂದಷ್ಟಕ್ಕೇ ಬಿಡುಗಡೆಯಿಲ್ಲ. ವೈದ್ಯರು ಹೇಳುವ ಹುಚ್ಚು ಬೇರೆ, ಕಾನೂನು ಒಪ್ಪುವ ಹುಚ್ಚು ಬೇರೆ ಎಂದು ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ. ಇದನ್ನು ತೋರಿಸಿಕೊಡುವ ಹೊಣೆ ಆರೋಪಿಯ ಮೇಲಿದೆ. ಘಟನೆಯ ಹಿಂದೆ ಮುಂದೆ ಅವನು ಹೇಗಿದ್ದ ಎಂಬ ಊರವರ ಮಾತು, ಹಳೆಯ ಓ.ಪಿ. ಚೀಟಿ ಎಲ್ಲವೂ ಆಗ ಬೆಲೆಯುಳ್ಳವು.

ಎರಡನೆಯದು ‘ಇಂದು’: ತನ್ನ ಮೇಲಿನ ಕೇಸು ಏನು, ವಕೀಲರಿಗೆ ಏನು ಹೇಳಬೇಕು ಎಂಬುದು ಈಗ ಅವನಿಗೆ ತಿಳಿಯುತ್ತದೆಯೇ? ತಿಳಿಯದಿದ್ದರೆ ವಿಚಾರಣೆ ನಿಲ್ಲುತ್ತದೆ, ಚಿಕಿತ್ಸೆ ನಡೆಯುತ್ತದೆ. ಈ ಎರಡನೇ ಪ್ರಶ್ನೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಮಿನ ಬುಡಕಟ್ಟಿನ ಮಾಚಂಗ್ ಲಾಲುಂಗ್ ಸಾಕ್ಷಿ. 1951ರಲ್ಲಿ ಹಿಡಿದು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ವಿಚಾರಣೆಗೆ ಯೋಗ್ಯನೆಂದು 1967ರಲ್ಲೇ ಆಸ್ಪತ್ರೆ ಬರೆದರೂ ಯಾರೂ ಕೋರ್ಟಿಗೆ ಕರೆತರಲಿಲ್ಲ. ಹೊರಬಂದದ್ದು 2005ರಲ್ಲಿ, 54 ವರ್ಷ ಕಳೆದ ಮೇಲೆ! ಮನೆಯವರು ಕೇಳದಿದ್ದರೆ ಕಾಗದ ತಾನಾಗಿ ನಡೆದು ಕೋರ್ಟಿಗೆ ಬರುವುದಿಲ್ಲ.

ಇದು ನಾರ್ಕೊ ಅಲ್ಲ

ಮಿದುಳಿನ ಪರೀಕ್ಷೆ ಎಂದೊಡನೆ ‘ಸೂಜಿ ಚುಚ್ಚಿ ಬಾಯಿ ಬಿಡಿಸ್ತಾರಂತೆ’ ಎಂದು ಹೆದರುವವರಿದ್ದಾರೆ. ಅದು ನಾರ್ಕೊ, ಇದು ಬೇರೆ. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ನಾರ್ಕೊ ಪರೀಕ್ಷೆಗಳ ಭರಾಟೆಯೇ ಇತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು ನಾರ್ಕೊ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಮೂರನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದಿತು. ಒಪ್ಪಿಗೆ ಕೊಟ್ಟರೂ ಆಗ ಆಡಿದ ಮಾತೇ ಸಾಕ್ಷ್ಯವಾಗದು. ಪೊಲೀಸ್ ಠಾಣೆಯಲ್ಲಿ ‘ಸುಮ್ನೆ ಒಂದು ಸಹಿ ಹಾಕು’ ಎಂದರೆ ಹಾಕಬೇಡಿ. ಸುಳ್ಳು ಪತ್ತೆಗೆ ಕೂಡ ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ವಕೀಲರನ್ನು ಕಾಣಲು ಬಿಡಬೇಕು.

ವಿಲ್ಲು, ಕ್ರಯಪತ್ರದ ತಕರಾರು

ತೋಟ, ಮನೆ ಇರುವ ಹಿರಿಯರ ವಿಷಯ ಇನ್ನೊಂದು. ಅಪ್ಪ ತೀರಿಕೊಂಡ ಮೇಲೆ ವಿಲ್ಲು ಹೊರಬರುತ್ತದೆ. ‘ಅಪ್ಪಯ್ಯನಿಗೆ ಆಗಲೇ ಮರೆವು, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ’ ಎಂದು ಒಬ್ಬ ಮಗ, ‘ಬುದ್ಧಿ ಚೆನ್ನಾಗಿಯೇ ಇತ್ತು’ ಎಂದು ಇನ್ನೊಬ್ಬ. ಸತ್ತವರನ್ನು ಪರೀಕ್ಷಿಸಲು ಯಾರಿಂದ ಸಾಧ್ಯ? 1925ರ ಉತ್ತರಾಧಿಕಾರ ಕಾಯಿದೆಯ 59ನೇ ಕಲಮಿನ ಪ್ರಕಾರ ವಿಲ್ಲು ಬರೆಯುವವನಿಗೆ ಸ್ವಸ್ಥಬುದ್ಧಿ ಇರಬೇಕು. ಕಾಯಿಲೆಯವನೂ ಬುದ್ಧಿ ತಿಳಿಯಾಗಿರುವ ಹೊತ್ತಿನಲ್ಲಿ ಬರೆಯಬಹುದು. ಮರೆವು ಶುರುವಾದ ಹಿರಿಯರಿದ್ದರೆ, ಸಹಿಗೆ ಮೊದಲೇ ಅವರ ಮಾತಿನಲ್ಲೇ ಪರೀಕ್ಷೆ ಮಾಡಿಸಿ ತಾರೀಖಿನ ಸಹಿತ ವರದಿ ಇಟ್ಟುಕೊಂಡರೆ, ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟು ಅಲೆಯುವುದು ತಪ್ಪೀತು.

ಎಲ್ಲಿಗೆ ಹೋಗುವುದು, ಏನು ಇಟ್ಟುಕೊಳ್ಳುವುದು

ಊಟಿಯ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಮುಂಚೆ ದೊಡ್ಡ ಕಾಯಿಲೆ ಎಂದರೆ ಕೊಯಮತ್ತೂರು, ಗೂಡಲೂರು ಕಡೆಯವರಿಗೆ ಮೈಸೂರೋ ಕಲ್ಲಿಕೋಟೆಯೋ. ವಿವರವಾದ ನ್ಯೂರೋಸೈಕಾಲಜಿ ಪರೀಕ್ಷೆಗೆ, ಅದೂ ಕನ್ನಡದಲ್ಲಿ, ಬೆಂಗಳೂರಿನ ನಿಮ್ಹಾನ್ಸೇ ದಾರಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ, ಹೊರಡುವಾಗ ನೆನಪಿರಲಿ.

ಅಪಘಾತ ಕರ್ನಾಟಕದ ಗಡಿಯೊಳಗೆ ಆದರೂ ಕೇಸು ಅಲ್ಲೇ ಹಾಕಬೇಕೆಂದಿಲ್ಲ. ನೀವು ವಾಸಿಸುವ ಇಲ್ಲವೇ ವ್ಯಾಪಾರ ಮಾಡುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಹಾಕಬಹುದು. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೂ ಅದನ್ನೇ ನಂಬಿ ಕೂರಬೇಡಿ. ಮಿದುಳು ಚೇತರಿಸಿಕೊಳ್ಳುವುದು ನಿಧಾನ. ಶಾಶ್ವತ ನಷ್ಟ ಎಷ್ಟೆಂದು ತಿಳಿಯಲು ವರ್ಷವೂ ಹಿಡಿಯಬಹುದು. ಆದ್ದರಿಂದ ಅರ್ಜಿ ಮೊದಲು ಹಾಕಿ, ಪೂರ್ತಿ ವರದಿ ಆಮೇಲೆ ಸೇರಿಸಿ. ಬೆಂಗಳೂರಿನ ವೈದ್ಯರು ಊಟಿಗೆ ಬರಲಾಗದಿದ್ದರೆ ಕಮಿಷನ್ ಮೂಲಕ ಸಾಕ್ಷ್ಯ ಪಡೆಯುವಂತೆ ವಕೀಲರು ಕೇಳಬಹುದು.

ಜೋಪಾನವಾಗಿ ಇಡಬೇಕಾದವು: ಎಫ್.ಐ.ಆರ್. ಪ್ರತಿ, ಆಸ್ಪತ್ರೆಗೆ ತಂದ ಮೊದಲ ಗಳಿಗೆಯ ಚೀಟಿ, ಸ್ಕ್ಯಾನಿನ ಫಿಲಂ, ಡಿಸ್ಚಾರ್ಜ್ ಕಾಗದ. ಮೊದಲ ಚೀಟಿಯಲ್ಲಿ ಪ್ರಜ್ಞೆಯ ಅಂಕ ಬರೆದಿರುತ್ತಾರೆ. 15 ಎಂದರೆ ಪೂರ್ತಿ ಎಚ್ಚರ, 8 ಮತ್ತು ಅದಕ್ಕಿಂತ ಕೆಳಗೆ ಎಂದರೆ ಗಂಭೀರ ಪೆಟ್ಟು. ಅಪಘಾತಕ್ಕೆ ಮುಂಚಿನ ಬದುಕಿನ ಗುರುತೂ ಬೇಕು: ಟೀ ಎಲೆ ಹಾಕಿದ ಫ್ಯಾಕ್ಟರಿ ಚೀಟಿ, ಮಂಡಿಯ ಪಟ್ಟಿ, ಕೈಬರಹದ ಲೆಕ್ಕದ ಪುಸ್ತಕ. ಹಳೆಯ ಪುಟದ ಅಚ್ಚುಕಟ್ಟು ಲೆಕ್ಕ, ಈಚಿನ ಪುಟದ ಚಿತ್ತುಕಾಟು, ಎರಡನ್ನೂ ಅಕ್ಕಪಕ್ಕ ಇಟ್ಟರೆ ಅದೇ ಒಂದು ಸಾಕ್ಷಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಎಲ್ಲಕ್ಕಿಂತ ಮೊದಲು ಮನೆಯಾಕೆಯ ಮಾತು ಕೇಳಿ. ‘ಇವರು ಮೊದಲಿನ ಹಾಗಿಲ್ಲ’ ಎಂದು ಆಕೆ ಹೇಳಿದ ದಿನವೇ ತಾರೀಖು ಹಾಕಿ ಬರೆದಿಡಿ, ಡಾಕ್ಟರಿಗೂ ಹೇಳಿ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರೆ ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಬೆಂಗಳೂರಿನ ಬಸ್ಸನ್ನೂ ಹತ್ತಿಸಿ.